ಮೊಸರಿನ ಆಮ್ಲ, ಬಾಗುವ ಲೋಟ

ಕಳೆದ ವರ್ಷ ಜಯನಗರದ ನಮ್ಮ ಮನೆಯಲ್ಲಿ ನಾಮಕರಣ. ಮಾಮೂಲಿ ಪ್ಲಾಸ್ಟಿಕ್ ಬೇಡ ಅಂತ, ಹಸಿರು ಎಲೆಯ ಗುರುತಿದ್ದ ತಿಳಿಯಾದ ಲೋಟಗಳನ್ನು ತಂದಿದ್ದೆ. ಪಾನಕಕ್ಕೆ ಚೆನ್ನಾಗೇ ಇದ್ದವು. ಬಿಸಿ ಬಾದಾಮಿ ಹಾಲು ಹುಯ್ದಿದ್ದೇ ತಡ, ಲೋಟ ಸೊಂಟ ಬಿದ್ದವರ ಹಾಗೆ ಬಾಗಿತು. ಚಿಕ್ಕಮ್ಮನ ರೇಷ್ಮೆ ಸೀರೆಯ ಕಥೆ ಬಿಡಿ. ಖಾಲಿ ಲೋಟವೊಂದನ್ನು ಸುಮ್ನೆ ಹಿಂಡಿ ನೋಡಿದೆ, ಫಟ್ ಅಂತ ಸೀಳಿತು.

ಇವೆರಡೂ ಪಾಲಿಲ್ಯಾಕ್ಟೈಡ್ ಪ್ಲಾಸ್ಟಿಕ್ಕಿನ ಹಳೇ ಕಾಯಿಲೆಗಳು. ಚಿಕ್ಕದಾಗಿ ಇದನ್ನು ಪಿಎಲ್‌ಎ ಅನ್ನುತ್ತಾರೆ. ಎಸ್‌ಪಿ ರೋಡಿನಲ್ಲಿ ತ್ರೀಡಿ ಪ್ರಿಂಟರಿನ ದಾರ ಕೊಳ್ಳುವ ಹುಡುಗರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಇದರಲ್ಲಿ ಮಾಡಿದ ಮೊಬೈಲ್ ಸ್ಟ್ಯಾಂಡನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ ಅದೂ ಸೊಟ್ಟಗಾಗುತ್ತದೆ.

ಪಿಎಲ್‌ಎ ಶುರುವಾಗುವುದು ಮೊಸರಿನ ಹಾಗೆಯೇ. ಜೋಳದ ಪಿಷ್ಟದ ಅಥವಾ ಕಬ್ಬಿನ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳಿಗೆ ಉಣಿಸಿದರೆ ಅವು ಲ್ಯಾಕ್ಟಿಕ್ ಆಮ್ಲ ಕೊಡುತ್ತವೆ. 1780ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಹುಳಿ ಹಾಲಿನಿಂದ ಬೇರ್ಪಡಿಸಿದ್ದು ಇದೇ ಆಮ್ಲವನ್ನು. ಎರಡು ಅಣು ಸೇರಿ ಒಂದು ಉಂಗುರ. ಆ ಉಂಗುರಗಳನ್ನು ಬಿಚ್ಚಿ ಒಂದಕ್ಕೊಂದು ಕೊಂಡಿ ಹಾಕಿದರೆ ಉದ್ದನೆಯ ಸರಪಳಿ.

ಸರಪಳಿಗಳು ಮಡಿಸಿಟ್ಟ ಪಂಚೆಗಳ ಹಾಗೆ ಒತ್ತೊತ್ತಾಗಿ ಕೂತರೆ ಅದು ಹರಳು. ಹರಳಿನ ಭಾಗ ಕರಗಲು ಸುಮಾರು 170 ಡಿಗ್ರಿ ಸೆಲ್ಸಿಯಸ್ ಬೇಕು. ಬುಟ್ಟಿಗೆ ತುರುಕಿದ ಬಟ್ಟೆಯ ಹಾಗೆ ಗೋಜಲಾದ ಭಾಗ ಮಾತ್ರ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಬಾದಾಮಿ ಹಾಲು ಅದಕ್ಕಿಂತ ಬಿಸಿ ಇತ್ತು, ಅಷ್ಟೇ.

ಹಾಗಾದರೆ ಹರಳು ಕಟ್ಟಿಸಿಬಿಡಬಹುದಲ್ವಾ? ಅಲ್ಲೇ ಇರುವುದು ತೊಡಕು. ಪಿಎಲ್‌ಎ ಮಹಾ ನಿಧಾನಿ. ಅದು ಹರಳು ಕಟ್ಟಲು 100ರಿಂದ 120 ಡಿಗ್ರಿಯ ಹದದಲ್ಲಿ ನಿಮಿಷಗಟ್ಟಲೆ ಕೂರಬೇಕು. ಕಾರ್ಖಾನೆಯ ಅಚ್ಚು ಅಷ್ಟು ಹೊತ್ತು ಕಾಯುವುದಿಲ್ಲ, ಸೆಕೆಂಡುಗಳ ಲೆಕ್ಕದಲ್ಲಿ ಲೋಟ ಹೊರಗೆ ಬರಬೇಕು. ಗೋಜಲು ಹಾಗೇ ತಣ್ಣಗಾಗಿ ಗಟ್ಟಿಯಾಗುತ್ತದೆ. ನಾನು ಮೆಚ್ಚಿದ್ದ ಆ ಗಾಜಿನ ಹೊಳಪು ಗೋಜಲಿನ ಗುರುತೇ ಆಗಿತ್ತು!

ಡಿಸೆಂಬರಿನ ಚಳಿಗೆ ಮೊಸರು ಬೇಗ ಆಗದಿದ್ದರೆ ಹೆಪ್ಪು ಜಾಸ್ತಿ ಹಾಕುತ್ತೇವೆ. ಇಲ್ಲೂ ಹೆಪ್ಪು ಉಂಟು, ಜೀವವಿಲ್ಲದ್ದು. ಟಾಲ್ಕ್ ಪುಡಿಯನ್ನು ಒಂದಿಷ್ಟು ಬೆರೆಸಿದರೆ ಅದರ ಕಣಗಳ ಮೈಮೇಲೆ ಹರಳು ಬೇಗ ಶುರುವಾಗುತ್ತದೆ. ಮುಖಕ್ಕೆ ಹಾಕುವ ಪೌಡರಿನದು, ಬಳಪದ ಕಲ್ಲಿನದು ಇದೇ ಖನಿಜ. ಇದಕ್ಕಿಂತ ಚೆಂದದ ಉಪಾಯ 1987ರಲ್ಲಿ ಜಪಾನಿನ ವಿಜ್ಞಾನಿಗಳಾದ ಇಕಾಡಾ, ತ್ಸುಜಿ ಮತ್ತವರ ಸಂಗಡಿಗರಿಗೆ ಕಂಡದ್ದು. ಲ್ಯಾಕ್ಟಿಕ್ ಆಮ್ಲದಲ್ಲಿ ಎಡಗೈ, ಬಲಗೈ ಥರ ಎರಡು ಬಗೆ ಇದೆ. ಎಡದವರ ಸರಪಳಿ, ಬಲದವರ ಸರಪಳಿ ಬೆರೆತರೆ ಕೈ ಮುಗಿದಂತೆ ಕೂಡಿಕೊಳ್ಳುತ್ತವೆ. ಆ ಹರಳು ಕರಗುವುದು ಸುಮಾರು 230 ಡಿಗ್ರಿಗೆ. ಸ್ವಲ್ಪವೇ ಬೆರೆಸಿದರೂ ಸಾಕು, ಉಳಿದದ್ದಕ್ಕೆ ಅದೇ ಹೆಪ್ಪು. ಆದರೆ ಇನ್ನೊಂದು ಕೈಯ ಆಮ್ಲ ದುಬಾರಿ.

ಇನ್ನು ಫಟ್ ಅನ್ನುವ ಗುಣ. ಪಾಲಿಥೀನ್ ಚೀಲ ಎಳೆದಷ್ಟೂ ಹಿಗ್ಗುತ್ತದೆ, ಪಿಎಲ್‌ಎ ನೂರಕ್ಕೆ ಐದರಷ್ಟು ಹಿಗ್ಗುವ ಹೊತ್ತಿಗೆ ಮುರಿಯುತ್ತದೆ. ಸಿಟ್ರೇಟ್ ಅನ್ನುವ ಎಣ್ಣೆಯಂಥ ದ್ರವ ಬೆರೆಸಿದರೆ ಸರಪಳಿಗಳು ಸಲೀಸಾಗಿ ಜಾರುತ್ತವೆ, ಹರಳೂ ಬೇಗ ಕಟ್ಟುತ್ತದೆ. ಆದರೆ ಬಿಗಿ ಹೋಗುತ್ತದೆ. ಕಾಲ ಕಳೆದಂತೆ ಎಣ್ಣೆ ಉಪ್ಪಿನಕಾಯಿಯದರ ಹಾಗೆ ಮೇಲೆ ತೇಲಿ ಬರುವುದೂ ಉಂಟು. ನನಗೆ ಹಿಡಿಸಿದ್ದು ರಬ್ಬರ್ ದಾರಿ. ಕಣ್ಣಿಗೆ ಕಾಣದಷ್ಟು ಸಣ್ಣ ರಬ್ಬರ್ ಹನಿಗಳನ್ನು ಒಳಗೆ ಹರಡುತ್ತಾರೆ. ಪೆಟ್ಟು ಬಿದ್ದಾಗ ಹನಿಗಳಲ್ಲಿ ಪುಟ್ಟ ಪೊಳ್ಳುಗಳಾಗಿ, ಸುತ್ತಲಿನ ಪ್ಲಾಸ್ಟಿಕ್ ಎಳೆದುಕೊಂಡು, ಪೆಟ್ಟಿನ ಶಕ್ತಿ ಅಲ್ಲಲ್ಲೇ ಹಂಚಿಹೋಗುತ್ತದೆ. ಒಂದು ದೊಡ್ಡ ಬಿರುಕು ಓಡುವುದಿಲ್ಲ. ರಬ್ಬರಿಗೂ ಪಿಎಲ್‌ಎಗೂ ತಾನಾಗಿ ಹೊಂದಿಕೆಯಿಲ್ಲ, ಎರಡನ್ನೂ ಹಿಡಿದಿಡುವ ನಡುವಿನ ಅಣುವೊಂದು ಬೇಕು. ಮದುವೆ ದಲ್ಲಾಳಿ ಅನ್ನಿ.

ಒಂದು ಪೇಚು ಉಳಿಯಿತು. ಈ ಪ್ಲಾಸ್ಟಿಕ್ ಗೊಬ್ಬರವಾಗಲು ಮೊದಲು ನೀರು ಒಳಹೊಕ್ಕು ಸರಪಳಿ ಕತ್ತರಿಸಬೇಕು. ಒತ್ತಾದ ಹರಳಿನೊಳಗೆ ನೀರು ನುಗ್ಗುವುದು ಕಷ್ಟ. ಬಿಸಿಗೆ ಬಾಗದ ಲೋಟ ಮಣ್ಣಿಗೂ ಬೇಗ ಬಗ್ಗದು. ಗೋಜಲಿನ ಲೋಟಕ್ಕೂ ದೊಡ್ಡ ಗೊಬ್ಬರದ ಘಟಕದ 58 ಡಿಗ್ರಿಯಷ್ಟು ಕಾವು ಬೇಕು. ನಾಮಕರಣದ ಲೋಟವೊಂದನ್ನು ತಾರಸಿಯ ಕರಿಬೇವಿನ ಕುಂಡದಲ್ಲಿ ಹೂತಿದ್ದೆ. ಮೊನ್ನೆ ಅಗೆದು ತೆಗೆದೆ. ತೊಳೆದರೆ ಈಗಲೂ ಪಾನಕ ಕುಡಿಯಬಹುದು.