ಪಾಟಿ ಮೇಲಿನ ಲೆಕ್ಕ

ಕೊಪ್ಪಳದ ನಮ್ಮ ಓಣಿಯಲ್ಲಿ ಮೊನ್ನೆ ಕಟ್ಟೆ ಮೇಲೆ ಅಜ್ಜ-ಮೊಮ್ಮಗಳ ಜಗಳ. 52ರಲ್ಲಿ 27 ಕಳೆಯಬೇಕು. ಹುಡುಗಿ 5ನ್ನು ಹೊಡೆದು ಮೇಲೆ 4 ಬರೆದಳು, ಬಿಡಿಯ 2ನ್ನು 12 ಮಾಡಿದಳು. ಅಜ್ಜ ಒಪ್ಪಲಿಲ್ಲ: "ಮ್ಯಾಲಿಂದು ಯಾಕ ಹೊಡೀತಿ? ಹನ್ನೆರಡರಾಗ ಏಳು ಹೋದ್ರ ಐದು. ಕೆಳಗಿನ ಎರಡಕ್ಕ ಒಂದು ಕೂಡ್ಸು, ಮೂರು. ಐದರಾಗ ಮೂರು ಹೋದ್ರ ಎರಡು." ಇಬ್ಬರಿಗೂ ಬಂದದ್ದು 25.

ಅಜ್ಜ ಮೇಲೂ ಕೆಳಗೂ ಹತ್ತು ಸೇರಿಸಿ, 62ರಲ್ಲಿ 37 ಕಳೆದಿದ್ದರು. ಮೊಮ್ಮಗಳು ಒಂದು ಹತ್ತನ್ನು ಮುರಿಸಿದ್ದಳು. ಶಾಲೆಯಲ್ಲಿ ಇದಕ್ಕೆ 'ಸಾಲ' ಅನ್ನುತ್ತಾರೆ. ಯಾರೂ ತೀರಿಸದ ಸಾಲ! ಚಿಲ್ಲರೆ ಅಂದರೆ ಮಕ್ಕಳಿಗೆ ಬೇಗ ತಿಳಿದೀತು.

ನಮ್ಮ ಕಡೆ ಸ್ಲೇಟಿಗೆ ಪಾಟಿ ಅಂತೀವಿ. ಹಳೆಯ ಅಂಕಗಣಿತದ ಹೆಸರೂ ಪಾಟೀಗಣಿತ, ಹಲಗೆ ಮೇಲಿನ ಲೆಕ್ಕ. ಹಲಗೆಗೆ ಧೂಳು ಹರಡಿ ಬರೆಯುತ್ತಿದ್ದುದರಿಂದ ಧೂಳೀಕರ್ಮ ಅಂತಲೂ ಕರೆದರು. ಆಗ ಕೂಡುವುದನ್ನು ಬಲದಿಂದಲೂ ಶುರು ಮಾಡಬಹುದಿತ್ತು, ಎಡದಿಂದಲೂ. ಎಡದಿಂದ ಹೊರಟಾಗ ಮುಂದೆ ದಶಕ ಬಂದರೆ ಹಿಂದಿನ ಅಂಕಿ ಒರೆಸಿ ತಿದ್ದಿದರಾಯಿತು, ಧೂಳಿಗೇನು ಖರ್ಚು? 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಗುಣಿಸುವುದಕ್ಕೆ ಹೇಳಿದ ಕ್ರಮ 'ಕವಾಟಸಂಧಿ': ಬಾಗಿಲ ಕದಗಳು ಕೂಡುವ ಹಾಗೆ ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು ಜೋಡಿಸುವುದು. ಅಲ್ಲಿಯೂ ಯಾವ ತುದಿಯಿಂದ ಬೇಕಾದರೂ ಹೊರಡಬಹುದು. ಅದೇ ಕಾಲದ ಕವಿರಾಜಮಾರ್ಗ ಕನ್ನಡದ ತಿರುಳ್ನಾಡನ್ನು ಗುರುತಿಸುವಾಗ ನಮ್ಮ ಕೊಪಣವನ್ನೂ, ಅಂದರೆ ಇಂದಿನ ಕೊಪ್ಪಳವನ್ನೂ, ಹೆಸರಿಸುತ್ತದೆ. ಜೈನರ ಆ ಊರಲ್ಲಿ ಜೈನ ಗಣಿತಜ್ಞನ ಪುಸ್ತಕ ಓದಿಸಿರಬಹುದೆಂಬುದು ನನ್ನ ಆಸೆ, ಅಷ್ಟೆ.

ಕಾಗದ ಬಂದ ಮೇಲೆ ಒರೆಸುವ ಹಾಗಿಲ್ಲ. 952ರ ಸುಮಾರಿಗೆ ಡಮಾಸ್ಕಸ್‌ನಲ್ಲಿ ಅಲ್-ಉಕ್ಲಿದಿಸಿ ಎಂಬ ಗಣಿತಜ್ಞ ಭಾರತದ ಲೆಕ್ಕವನ್ನು ಶಾಯಿ-ಕಾಗದಕ್ಕೆ ಒಗ್ಗಿಸಿದ. ಧೂಳಿನ ಹಲಗೆ ಬೀದಿ ಜ್ಯೋತಿಷಿಗಳ ಕೈಯಲ್ಲಿರುವಂಥದ್ದು, ಮರ್ಯಾದಸ್ಥರಿಗಲ್ಲ ಅನ್ನುವುದೂ ಅವನ ತಕರಾರು. ಹೀಗೆ ನಡುವಿನ ಅಂಕಿಗಳೆಲ್ಲ ಹಾಳೆಯ ಮೇಲೆ ಉಳಿಯತೊಡಗಿದವು.

ಆ ಕಾಗದದ ಲೆಕ್ಕ ಯುರೋಪ್ ಸುತ್ತಿ ಬ್ರಿಟಿಷರ ಶಾಲೆಗಳ ಜೊತೆ ತಿರುಗಿ ಬಂತು. ನಮ್ಮ ಕಡೆ ಬಳ್ಳಾರಿ 1800ರಿಂದ ಬ್ರಿಟಿಷರ ಮದ್ರಾಸಿನ ಆಡಳಿತದಲ್ಲಿತ್ತು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಉರ್ದು ಸರಕಾರದ ಕೆಳಗೆ. ಉರ್ದು ಓದುವವರಿಗೆ ಒಂದು ಅನುಕೂಲ: ಅಕ್ಷರವೂ ಬಲದಿಂದ, ಕೂಡುವುದೂ ಬಲದಿಂದ. ಕನ್ನಡದ ಮಗು ಲೆಕ್ಕಕ್ಕೆ ಮಾತ್ರ ದಿಕ್ಕು ಬದಲಿಸಬೇಕು. ಮರೆತು ಎಡದಿಂದ ಹೊರಟರೆ 48ಕ್ಕೆ 35 ಕೂಡಿಸಿದಾಗ ನಾಲ್ಕು ಮೂರು ಏಳು, ಎಂಟು ಐದು ಹದಿಮೂರು, ಉತ್ತರ 713. ಧೂಳಿನ ಹಲಗೆಯಲ್ಲಾದರೆ 7 ಒರೆಸಿ 8 ಮಾಡಿ, ಪಕ್ಕಕ್ಕೆ 3 ಬರೆದು ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದರು. ಇಂದಿನ ನೋಟ್‌ಬುಕ್ಕಿನಲ್ಲಿ ಅದರ ಮೇಲೆ ಕೆಂಪು ಗೀಟು ಬೀಳುತ್ತದೆ.