ಮೂರನೇ ದಿನ 'ಟಕ್' ಅನ್ನೂ ಗಾಜು

ಸ್ಟೇನ್ಡ್ ಗ್ಲಾಸ್ ಅಂದ್ರ ನಮ್ಮ ಬೆಳಗಾವಿ ಮಂದಿಗೆ ಕ್ಯಾಂಪಿನ ಸೇಂಟ್ ಮೇರಿ ಚರ್ಚ್ ಕಿಟಕಿ ನೆನಪಾಗತೈತಿ, ಬಣ್ಣದ ತುಂಡಿನ ನಡುವ ಸೀಸದ ಪಟ್ಟಿ ಕೂಡಿಸೂ ಹಳೇ ಕೆಲಸ. ಈಗ ಬರೂ ಗಿರಾಕಿಗಳು ಮೊಬೈಲ್ ತೋರಿಸಿ 'ನಡುವ ಕರೀ ಗೆರಿ ಬ್ಯಾಡ್ರಿ' ಅಂತಾರ. ಅದಕ್ಕ ಫ್ಯೂಸಿಂಗ್ ಬೇಕು, ತುಂಡು ಹೊಂದಿಸಿಟ್ಟು ಕರೆಂಟಿನ ಭಟ್ಟಿಯೊಳಗ ಸುಮಾರು 800 ಡಿಗ್ರಿಗೆ ಕಾಸಿದ್ರ ಎಲ್ಲಾ ಕರಗಿ ಒಂದ ಹಾಳಿ ಆಗತೈತಿ. (ಫಿಲ್ಮ್ ಅಂಟಿಸಿ ಸ್ಟೇನ್ಡ್ ಗ್ಲಾಸ್ ಅಂತ ಮಾರೂವ್ರೂ ಅದಾರ, ಬಾತ್‌ರೂಮ್ ಕಿಟಕಿಗೆ ಸಾಕು ಬಿಡ್ರಿ.)

ಶುರುವಿನ್ಯಾಗ ನಾನೂ ಕೈ ಸುಟ್ಕೊಂಡೀನಿ. ಟಿಳಕವಾಡಿ ಕಡೆ ಒಬ್ರ ದೇವರಮನಿ ಬಾಗಿಲಿಗೆ ನವಿಲು ಬೇಕಿತ್ತು, ರೊಕ್ಕ ಉಳಸಾಕ ಹೋಗಿ ಕೆಳಗ ಸಾದಾ ಕಿಟಕಿ ಗಾಜು, ಮ್ಯಾಲ ಫಾರಿನ್ ಬಣ್ಣದ ಗಾಜು ಇಟ್ಟೆ. ಹೊರಗ ತಗದಾಗ ಏನ್ ಚಂದ ಇತ್ತಂತೀರಿ, ಫೋಟೋನೂ ಕಳಿಸಿಬಿಟ್ಟೆ. ಮೂರನೇ ದಿನ ರಾತ್ರಿ, ಯಾರೂ ಮುಟ್ಟಿದ್ದಿಲ್ಲ, ಟೇಬಲ್ ಮ್ಯಾಲ 'ಟಕ್' ಅಂತು, ನವಿಲಿನ ಕುತ್ತಿಗಿ ಗುಂಟ ಸೀಳು.

ಏನಾಗಿತ್ತಂದ್ರ, ಫ್ಯೂಸಿಂಗ್ ಗಾಜಿನ ಮ್ಯಾಲ ಸಿಒಇ (ಕಾದ್ರ ಗಾಜು ಎಷ್ಟು ಹಿಗ್ಗತೈತಿ ಅನ್ನೂ ಅಳತಿ) 90 ಇಲ್ಲಾ 96 ಅಂತ ಬರದಿರತೈತಿ. 90 ಅಂದ್ರ ಒಂದು ಮೀಟರ್ ಗಾಜು ಒಂದು ಡಿಗ್ರಿ ಕಾದ್ರ 9 ಮೈಕ್ರಾನ್ ಉದ್ದ ಆಗತೈತಿ, ತಣ್ಣಗಾದ್ರ ಅಷ್ಟ ಕುಗ್ಗತೈತಿ. ಕಿಟಕಿ ಗಾಜು ಇದಕ್ಕಿಂತ ಕಡಿಮಿ. ಕರಗಿದಾಗ ಇಬ್ರೂ ದೋಸ್ತರು, ಗಟ್ಟಿ ಆಗಿ ತಣೀತಾ ಬಂದಾಗ ಒಬ್ಬ ಜಾಸ್ತಿ ಕುಗ್ಗಿ ಇನ್ನೊಬ್ಬನ್ನ ಎಳೀತಾನ, ಆ ಜಗಳ ಒಳಗ ಉಳದಿರತೈತಿ.

ಅದಕ್ಕ ಈಗ ಮೊದಲ ಟೆಸ್ಟ್ ಮಾಡ್ತೀನಿ. ಕೆಳಗ ಹಾಕೂ ಗಾಜಿನ ಒಂದು ಪಟ್ಟಿ ಮ್ಯಾಲ ಪ್ರತಿ ಬಣ್ಣದ ಚೂರು ಇಟ್ಟು ಕಾಸೂದು, ಆಮ್ಯಾಲ ಕೆಟ್ಟ ಎಲ್‌ಸಿಡಿ ಮಾನಿಟರಿಂದ ಬಿಚ್ಚಿದ ಪೋಲರೈಸಿಂಗ್ ಫಿಲ್ಮಿನ (ಒಂದ ದಿಕ್ಕಿಗೆ ಕಂಪಿಸೂ ಬೆಳಕಷ್ಟ ಬಿಡೂ ಹಾಳಿ) ಎರಡು ತುಂಡು ಒಂದಕ್ಕೊಂದು ಅಡ್ಡ ಹಿಡದು ಪೂರ್ತಿ ಕತ್ತಲಿ ಆಗೂ ಹಂಗ ತಿರುಗಿಸಿ, ಅದರ ನಡುವ ಪಟ್ಟಿ ಇಟ್ಟು ಕೆಳಗ ಮೊಬೈಲ್ ಟಾರ್ಚ್ ಹಚ್ಚೂದು. ಚೂರಿನ ಸುತ್ತ ಬೆಳ್ಳನ ಬೆಳಕು ಕಂಡ್ರ ಒಳಗ ಆ ಜಗಳ ಐತಿ ಅಂತ ಅರ್ಥ, ಆ ಗಾಜು ನಿಮ್ಮ ಕೆಲಸಕ್ಕ ಬ್ಯಾಡ. ನನಗಂತೂ ಲೇಬಲ್‌ಗಿಂತ ಇದರ ಮ್ಯಾಲ ನಂಬಿಗಿ ಜಾಸ್ತಿ.

ಗಾಜು ಸೀಳಾಕ ಎರಡನೇ ಕಾರಣ ಅವಸರ. ಕಾಸೂದು ಸಸಾರ, ತಣ್ಣಗ ಮಾಡೂದ ಕಷ್ಟ. 3 ಮಿಮೀ ಎರಡು ಪದರಿದ್ರ 500 ಡಿಗ್ರಿ ಹತ್ರ ಒಂದು ತಾಸು ನಿಲ್ಲಸ್ತೀನಿ, ಅಲ್ಲಿಂದ ನಿಧಾನ ಇಳಸೂದು. ನಮ್ಮೂರಾಗ ಇದರ ನಡುವನ ಕರೆಂಟ್ ಹೋಗತೈತಿ, ಆಗ ಎಷ್ಟ ಹೊಟ್ಟಿ ಉರದ್ರೂ ಮುಚ್ಚಳ ತಗೀಬ್ಯಾಡ್ರಿ. ಕರೆಂಟ್ ಬಂದ ಮ್ಯಾಲ ಸಾವಕಾಶ ಮತ್ತ 500ಕ್ಕ ಏರಿಸಿ ಒಂದು ತಾಸು ನಿಲ್ಲಿಸಿದ್ರ, ಅಷ್ಟೊತ್ತಿಗೆ ಸೀಳಿರಲಿಲ್ಲಂದ್ರ ಗಾಜು ಉಳೀತೈತಿ.