ಹಾಡು ಕಡಿಯದ ಹಾಗೆ: ಕಷ್ಟಕಾಲದಲ್ಲಿ ಸಮೂಹ ಗಾಯನ ನಡೆದು ಬಂದ ದಾರಿ

2020ರ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನ ಭಜನಾ ಮಂಡಳಿಗಳು, ಚರ್ಚಿನ ಗಾಯಕವೃಂದಗಳು, ಸುಗಮ ಸಂಗೀತದ ತರಗತಿಗಳು ಎಲ್ಲವೂ ಒಟ್ಟಿಗೆ ಬಾಗಿಲು ಹಾಕಿದವು. ಮೊಬೈಲಿನಲ್ಲೇ ಸೇರಿ ಹಾಡೋಣ ಎಂದು ಕೂತವರಿಗೆ ಮೊದಲ ಪಲ್ಲವಿಯಲ್ಲೇ ಗೊತ್ತಾಯಿತು, ಇದು ಕೂಡಿಬರುವುದಿಲ್ಲ ಅಂತ. ತಾಳಜ್ಞಾನದ ಕೊರತೆಯಲ್ಲ ಅದು. ಒಬ್ಬರ ದನಿ ಇನ್ನೊಬ್ಬರಿಗೆ ಮುಟ್ಟಲು 25–30 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿದರೆ ಲಯ ನಿಲ್ಲುವುದಿಲ್ಲ. ವಿಡಿಯೊ ಕರೆಯಲ್ಲಿ ಅದರ ಹಲವು ಪಟ್ಟು ಹಿಡಿಯುತ್ತದೆ.

ಔಷಧಿಗೂ ರೇಷನ್ನಿಗೂ ಪರದಾಡುತ್ತಿದ್ದ ದಿನಗಳಲ್ಲಿ ಜನ ಕೂಡಿ ಹಾಡಲು ಅಷ್ಟು ಹಂಬಲಿಸಿದ್ದೇಕೆ? ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗುಂಪಿನ ಹಾಡು ಕನ್ನಡಕ್ಕೆ ಹೊಸತಲ್ಲ. ಸೋಬಾನೆಯಲ್ಲಿ ಒಂದು ಗುಂಪು ಹೇಳಿದ್ದನ್ನು ಇನ್ನೊಂದು ಗುಂಪು ಹೇಳುತ್ತದೆ, ಭಜನೆಯಲ್ಲಿ ಒಬ್ಬರು ಎತ್ತಿಕೊಟ್ಟ ಸಾಲನ್ನು ಉಳಿದವರು ಹಿಡಿಯುತ್ತಾರೆ. ಇದೇ ಪದ್ಧತಿಯನ್ನು ಸಂಕಟದ ಎದುರು ನಿಲ್ಲಿಸಿದವರಲ್ಲಿ 1943ರಲ್ಲಿ ಹುಟ್ಟಿದ ಜನಪರ ರಂಗಸಂಘಟನೆ ಇಪ್ಟಾ (ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್) ಮುಖ್ಯವಾದದ್ದು. ಬಂಗಾಳದ ಕ್ಷಾಮದ ಹೊತ್ತಿನಲ್ಲಿ ಅದರ ಹಾಡುಗಾರ ತಂಡಗಳು ಊರೂರು ತಿರುಗಿ ಪರಿಹಾರಕ್ಕೆ ಹಣ ಎತ್ತಿದವು. ಆ ಬಳಗದಿಂದಲೇ ಬಂದ ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್ 1971ರಲ್ಲಿ ಮದ್ರಾಸ್ ಯೂತ್ ಕ್ವಾಯರ್ ಕಟ್ಟಿದರು. ನಮ್ಮಲ್ಲಿ 1975 ದೊಡ್ಡ ತಿರುವು. ತುರ್ತು ಪರಿಸ್ಥಿತಿ ಬಂದ ಆ ವರ್ಷವೇ ಬೆಂಗಳೂರಿನಲ್ಲಿ ‘ಸಮುದಾಯ’ ಎಂಬ ರಂಗತಂಡ ಹುಟ್ಟಿತು, ಸಿದ್ಧಲಿಂಗಯ್ಯನವರ ಕವನ ಸಂಕಲನ ‘ಹೊಲೆಮಾದಿಗರ ಹಾಡು’ ಬಂತು. 1979ರಲ್ಲಿ ಸಮುದಾಯದ ಜಾಥಾ ನಾಡು ಸುತ್ತಿತು, ಬಂಡಾಯ ಸಾಹಿತ್ಯ ಸಂಘಟನೆ ಬೆಂಗಳೂರಿನಲ್ಲೇ ರೂಪುಗೊಂಡಿತು. ಓದಲು ಬರೆದ ಕವಿತೆಗಳು ಬೀದಿಯಲ್ಲಿ ತಮಟೆಯ ಜೊತೆ ಹಾಡಾದವು.

ಆ ಹಾಡುಗಳು ಉಳಿದದ್ದು ಮಾತಿನ ಬಲದಿಂದ ಮಾತ್ರವಲ್ಲ, ಎಲ್ಲರ ಗಂಟಲಿಗೂ ಎಟುಕುವ ಅಳತೆಯಿಂದ. ಸಾಲು ಚಿಕ್ಕದು, ಪಲ್ಲವಿ ಮತ್ತೆ ಮತ್ತೆ ಬರುತ್ತದೆ, ಮಟ್ಟು ಒಂದು ಸ್ಥಾಯಿ ದಾಟುವುದು ಅಪರೂಪ. ಸಂಗೀತ ಬಲ್ಲವರೇ ಇಲ್ಲಿ ಎಡವುವುದು ಶ್ರುತಿಯಲ್ಲಿ. ಮುಂದಾಳು ತನಗೊಪ್ಪುವ ಶ್ರುತಿ ಇಟ್ಟುಕೊಂಡರೆ ಚರಣಕ್ಕೆ ಬರುವಷ್ಟರಲ್ಲಿ ಅರ್ಧ ಗುಂಪು ಸುಮ್ಮನಾಗಿರುತ್ತದೆ. ಹಾಡಿನ ಅತಿ ಮೇಲಿನ ಸ್ವರ ಕೀಬೋರ್ಡಿನ ಡಿ ದಾಟದಂತೆ ನೋಡಿಕೊಂಡರೆ ಗಂಡಸರು ಕೆಳ ಸ್ಥಾಯಿಯಲ್ಲಿ, ಹೆಂಗಸರು ಮೇಲಿನ ಸ್ಥಾಯಿಯಲ್ಲಿ ಹೆಚ್ಚು ಕಷ್ಟವಿಲ್ಲದೆ ಹಾಡಬಹುದು.

ಮೆರವಣಿಗೆಯಲ್ಲಿ ಇನ್ನೊಂದು ತೊಡಕು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಂದರೆ 34 ಮೀಟರ್ ಹಿಂದಿರುವವರಿಗೆ ತಮಟೆಯ ಪೆಟ್ಟು ಸೆಕೆಂಡಿನ ಹತ್ತನೇ ಒಂದು ಭಾಗ ತಡ. ಮೊಬೈಲಿನಲ್ಲಿ ಹಾಡು ಕೆಡಿಸಿದ್ದೂ ಇಂಥದೇ ತಡ. ಆದ್ದರಿಂದ ತಮಟೆ ಮುಂದೆ ಅಲ್ಲ, ನಡುವೆ ಇರಬೇಕು. ಹಿಂದಿನವರು ಕಿವಿಯನ್ನು ನಂಬದೆ ಎತ್ತಿದ ಕೈ ನೋಡಿ ಹಾಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಉಸಿರಿನ ಸರದಿ. ಒಬ್ಬರ ಉಸಿರಿಗೆ ಹದಿನೈದು ಸೆಕೆಂಡಿನ ಸ್ವರವೂ ಭಾರ. ಗುಂಪಿಗೆ ಅದು ಎರಡು ನಿಮಿಷವಾದರೂ ಹಗುರ, ಒಬ್ಬರು ಉಸಿರು ತೆಗೆದುಕೊಳ್ಳುವಾಗ ಪಕ್ಕದವರು ಬಿಡದೆ ಹಿಡಿದಿರುತ್ತಾರೆ. ಸೋತ ಮನಸ್ಸಿಗೆ ಗುಂಪಿನ ಹಾಡು ಕೊಡುವ ಧೈರ್ಯ ಇಲ್ಲಿಂದ ಬರುತ್ತದೆ ಎಂದು ನಾವು ನಂಬಿದ್ದೇವೆ. ಜೊತೆಗೆ ಹಾಡುವವರ ಎದೆಬಡಿತ ಉಸಿರಾಟದ ಲಯಕ್ಕೆ ಹೊಂದಿಕೊಂಡು ಒಟ್ಟಿಗೆ ಏರಿಳಿಯುವುದನ್ನು ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದರು.

ಕೊರೊನಾ ಏಟು ಕೊಟ್ಟದ್ದೂ ಈ ಉಸಿರಿಗೇ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ಎರಡೂವರೆ ಗಂಟೆ ಅಭ್ಯಾಸಕ್ಕೆ ಸೇರಿದ್ದ 61 ಜನರಲ್ಲಿ 53 ಮಂದಿಗೆ ಸೋಂಕು ತಗಲಿತು ಎಂದು ತನಿಖೆ ಲೆಕ್ಕಹಾಕಿತು, ಇಬ್ಬರು ತೀರಿಕೊಂಡರು. ಅದೇ ವರ್ಷ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಬಾಯಿಂದ ಹೊರಬೀಳುವ ಸಣ್ಣ ಹನಿಗಳ ಮಟ್ಟಿಗೆ, ಹಾಡುತ್ತೇವೋ ಮಾತಾಡುತ್ತೇವೋ ಎನ್ನುವುದಕ್ಕಿಂತ ದನಿಯ ಜೋರೇ ಹೆಚ್ಚು ಲೆಕ್ಕಕ್ಕೆ ಬರುತ್ತದೆ ಎಂದು ಕಂಡುಕೊಂಡರು. ಅಲ್ಲಿಂದ ತಾರಸಿ, ಪಾರ್ಕು, ದೂರ ದೂರ ನಿಂತು ಮೆಲುದನಿ, ಅರ್ಧ ಗಂಟೆಗೆ ಮುಕ್ತಾಯ.

ಉಳಿದವರಿಗೆ ಮನೆಯ ರೆಕಾರ್ಡಿಂಗೇ ಗತಿ. 2010ರಲ್ಲೇ ಅಮೆರಿಕದ ಸಂಗೀತ ಸಂಯೋಜಕ ಎರಿಕ್ ವಿಟೇಕರ್ 12 ದೇಶಗಳ 185 ದನಿಗಳನ್ನು ಹೀಗೆ ಜೋಡಿಸಿದ್ದರು. ಒಂದೇ ಮಾದರಿ ಟ್ರ್ಯಾಕನ್ನು ಇಯರ್‌ಫೋನಿನಲ್ಲಿ ಕೇಳುತ್ತ ಒಬ್ಬೊಬ್ಬರೂ ಹಾಡಿ ಕಳಿಸಬೇಕು. ಶುರುವಿನಲ್ಲಿ ಎಲ್ಲರೂ ಟ್ರ್ಯಾಕಿನ ಒಂದೇ ಎಣಿಕೆಗೆ ಚಪ್ಪಾಳೆ ಹೊಡೆಯಬೇಕು, ಇಲ್ಲದಿದ್ದರೆ ಜೋಡಿಸುವವರಿಗೆ ಹಿಡಿಯಲು ತುದಿಯೇ ಸಿಗದು. ಸ್ಪೀಕರಿನಲ್ಲಿ ಕೇಳುತ್ತ ಹಾಡಿದರೆ ಟ್ರ್ಯಾಕೂ ಮೈಕಿಗೆ ನುಗ್ಗಿ ಇಡೀ ರೆಕಾರ್ಡಿಂಗ್ ಹಾಳು.

ಹೀಗೆ ಒಂಟಿಯಾಗಿ ಹಾಡಿ ರೂಢಿಯಾದವರು ಮತ್ತೆ ಸೇರಿದಾಗ ಪ್ರತಿ ಸಾಲಿನ ಕೊನೆಗೂ ಎಲ್ಲರೂ ಒಟ್ಟಿಗೇ ಉಸಿರೆಳೆಯುತ್ತಾರೆ, ಹಾಡು ಅಲ್ಲಲ್ಲಿ ಕಡಿಯುತ್ತದೆ. ಇದಕ್ಕೆ ಮದ್ದು ಸುಲಭ. ಹತ್ತು ಜನ ಅರ್ಧವೃತ್ತದಲ್ಲಿ ನಿಂತು, ತಂಬೂರಿ ಹಾಕಿಕೊಂಡು, ಷಡ್ಜದಲ್ಲಿ, ಅಂದರೆ ‘ಸ’ ಸ್ವರದಲ್ಲಿ, ಎರಡು ನಿಮಿಷ ‘ಆ’ ಎಂದು ಹಿಡಿಯಬೇಕು. ಪಕ್ಕದವರು ಉಸಿರೆಳೆಯುವಾಗ ನೀವು ಎಳೆಯಬಾರದು. ಬಿಟ್ಟ ಸ್ವರಕ್ಕೆ ಮರಳುವಾಗ ಮೆಲ್ಲಗೆ ಬರಬೇಕು, ಜೋರಾಗಿ ಬಂದರೆ ಸೇರಿದ ಜಾಗ ಕೇಳಿಸುತ್ತದೆ. ಮೊದಲ ವಾರ ನಲವತ್ತು ಸೆಕೆಂಡಿಗೇ ಕಡಿದರೂ ಚಿಂತೆಯಿಲ್ಲ, ಮತ್ತೆ ಶ್ರುತಿ ಕೇಳಿಕೊಂಡು ಮೊದಲಿನಿಂದ ಶುರುಮಾಡಿ.